ತವರದ ನ್ಯೂಕ್ಲಿಯಸ್ಸನ್ನು ಯಾರೂ ಒಡೆಯಲಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಕಳೆದ ವಾರ ಪ್ರಕಟವಾದ, ನಮ್ಮ ದೇಶದ ಕಣ ವೇಗೋತ್ಕರ್ಷಕಗಳನ್ನು (ಪರಮಾಣು ಕಣಗಳಿಗೆ ಭಾರಿ ವೇಗ ಕೊಡುವ ಯಂತ್ರಗಳನ್ನು) ಪರಿಚಯಿಸುವ ಬರಹವನ್ನು ಸಂತೋಷದಿಂದ ಓದಿದೆ. ಇಂಥ ವಿಷಯಕ್ಕೆ ಅರ್ಧ ಪುಟ ಕೊಡುವ ಕನ್ನಡ ಪತ್ರಿಕೆಗಳು ಕಡಿಮೆ. ಆದರೆ ದೆಹಲಿಯ ವೇಗೋತ್ಕರ್ಷಕದ ಚಿತ್ರದ ಕೆಳಗೆ ‘ತವರದ ನ್ಯೂಕ್ಲಿಯಸ್ಸುಗಳನ್ನು ಒಡೆದು ಅವುಗಳ ಒಳರಚನೆಯನ್ನು ಅರಿಯುವ ಯಂತ್ರ’ ಎಂದು ಅಚ್ಚಾಗಿರುವ ಸಾಲು ತಪ್ಪು. ಸಣ್ಣ ತಪ್ಪಾಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಅಲ್ಲಿ ತವರದ ಮೇಲೆ ನಡೆದ ಪ್ರಯೋಗದ ಹೆಚ್ಚುಗಾರಿಕೆ ಇರುವುದೇ ಏನನ್ನೂ ಒಡೆಯದಿರುವುದರಲ್ಲಿ. ಎರಡು ನ್ಯೂಕ್ಲಿಯಸ್ಸುಗಳು, ಅಂದರೆ ಪರಮಾಣುಗಳ ನಡುವಿನ ತಿರುಳುಗಳು, ಒಂದನ್ನೊಂದು ಮುಟ್ಟದಂತೆ ಎಚ್ಚರ ವಹಿಸಿಯೇ ಆ ಪ್ರಯೋಗವನ್ನು ಮಾಡುತ್ತಾರೆ.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು. ಈಗ ನಾಪೋಕ್ಲಿನ ಸಮೀಪ ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ ನೋಡಿಕೊಂಡಿದ್ದೇನೆ. ತಮ್ಮ ಪತ್ರಿಕೆಯನ್ನು ಓದಿದ ಪಕ್ಕದ ತೋಟದವರು ಅಂದು ಸಂಜೆಯೇ ಬಂದು, “ಅಲ್ಲ ಮೇಷ್ಟ್ರೇ, ಒಡೆದ ಮೇಲೆ ಅದು ಮೊದಲು ಹೇಗಿತ್ತು ಅಂತ ಗೊತ್ತಾಗೋದು ಹೇಗೆ?” ಎಂದು ಕೇಳಿದರು. ಅವರ ಪ್ರಶ್ನೆ ತಮ್ಮ ಚಿತ್ರದ ಕೆಳಗಿನ ಸಾಲಿಗಿಂತ ಹೆಚ್ಚು ವೈಜ್ಞಾನಿಕವಾಗಿತ್ತು. ಅವರಿಗೆ ನಾನು ಕೊಟ್ಟ ಉತ್ತರವನ್ನೇ, ತುಸು ಕ್ರಮಪಡಿಸಿ, ತಮ್ಮ ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ಕಾಫಿ ಮಾರಲು ಹೋದಾಗ ನಾವೆಲ್ಲ ನೋಡುವ ಒಂದು ಕೆಲಸವಿದೆ. ಹಿಂದೆ ವ್ಯಾಪಾರಿ ಒಂದು ಬೀಜವನ್ನು ಹಲ್ಲಿಗಿಟ್ಟು ಕಚ್ಚಿ, ಎಷ್ಟು ಒಣಗಿದೆ ಎಂದು ಹೇಳುತ್ತಿದ್ದ. ಈಗ ಒಂದು ಹಿಡಿ ಕಾಫಿಯನ್ನು ಮಾಯಿಶ್ಚರ್ ಮೀಟರಿನ ಬಟ್ಟಲಿಗೆ ಸುರಿಯುತ್ತಾರೆ; ಎರಡು ಲೋಹದ ಗೋಡೆಗಳ ನಡುವಿನ ವಿದ್ಯುತ್ ಕ್ಷೇತ್ರಕ್ಕೆ ಬೀಜದೊಳಗಿನ ನೀರು ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಅಳೆದು, ಮೀಟರು ಶೇಕಡಾ ಇಷ್ಟು ತೇವ ಎಂದು ತೋರಿಸುತ್ತದೆ. ಬೀಜಕ್ಕೆ ಏನೂ ಆಗುವುದಿಲ್ಲ, ಅದನ್ನು ಮತ್ತೆ ಚೀಲಕ್ಕೇ ಸುರಿಯುತ್ತಾರೆ. ಕ್ಷೇತ್ರ ಎಷ್ಟೆಂದು ನಮಗೆ ಮೊದಲೇ ಗೊತ್ತಿರುವುದರಿಂದ, ಸ್ಪಂದನದಲ್ಲಿ ಕಾಣುವ ವ್ಯತ್ಯಾಸವೆಲ್ಲ ಬೀಜದ ಗುಣವೇ ಆಗಿರುತ್ತದೆ. ದೆಹಲಿಯಲ್ಲಿ ತವರಕ್ಕೆ ಮಾಡಿದ್ದು ಹೆಚ್ಚುಕಡಿಮೆ ಇದೇ ಕೆಲಸ. ಭೌತವಿಜ್ಞಾನಿಗಳು ಇದನ್ನು ಕೂಲಾಮ್ ಉತ್ತೇಜನ ಎನ್ನುತ್ತಾರೆ. ವೇಗವಾಗಿ ಹಾದುಹೋಗುವ ಒಂದು ನ್ಯೂಕ್ಲಿಯಸ್ಸಿನ ವಿದ್ಯುತ್ ಕ್ಷೇತ್ರದಿಂದ ಇನ್ನೊಂದು ನ್ಯೂಕ್ಲಿಯಸ್ ಉತ್ತೇಜನಗೊಳ್ಳುವುದೇ, ಅಂದರೆ ಶಕ್ತಿ ಪಡೆದು ಮೇಲಿನ ಸ್ಥಿತಿಗೆ ಏರುವುದೇ, ಈ ಹೆಸರಿನ ಅರ್ಥ.

ನ್ಯೂಕ್ಲಿಯಸ್ ಎಂಬ ವಸ್ತು ಇದೆಯೆಂದು ತಿಳಿದದ್ದು ಸಹ ಮುಟ್ಟದ ಡಿಕ್ಕಿಯಿಂದಲೇ ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಮ್ಯಾಂಚೆಸ್ಟರಿನಲ್ಲಿ ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು (ಧನ ಆವೇಶದ ಹೀಲಿಯಂ ನ್ಯೂಕ್ಲಿಯಸ್ಸುಗಳನ್ನು) ಹಾಯಿಸಿದಾಗ ಕೆಲವು ಕಣಗಳು ಬಂದ ದಾರಿಗೇ ಹಿಂದಿರುಗಿದವು, ಇದರಿಂದ 1911ರಲ್ಲಿ ರುದರ್‌ಫರ್ಡ್ ಪರಮಾಣುವಿನ ನಡುವೆ ಕಿರಿದಾದ ನ್ಯೂಕ್ಲಿಯಸ್ ಇದೆಯೆಂದು ತೀರ್ಮಾನಿಸಿದರು ಎಂಬುದನ್ನು ಎಲ್ಲ ವಿದ್ಯಾರ್ಥಿಗಳೂ ಬಾಯಿಪಾಠ ಮಾಡುತ್ತಾರೆ. ಆದರೆ ಸುಮಾರು 7.7 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಶಕ್ತಿಯ ಆಲ್ಫಾ ಕಣವೊಂದು ಚಿನ್ನದ ನ್ಯೂಕ್ಲಿಯಸ್ಸಿನತ್ತ ನೇರವಾಗಿ ನುಗ್ಗಿದರೂ, 79 ಪ್ರೋಟಾನುಗಳ ವಿಕರ್ಷಣೆಯಿಂದಾಗಿ ಅದು ಕೇಂದ್ರದಿಂದ ಸುಮಾರು 30 ಫೆಮ್ಟೊಮೀಟರ್ ದೂರದಲ್ಲಿಯೇ ನಿಂತು ಹಿಂದಿರುಗಬೇಕಾಗುತ್ತದೆ. ಫೆಮ್ಟೊಮೀಟರ್ ಎಂದರೆ ಒಂದು ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಚಿನ್ನದ ನ್ಯೂಕ್ಲಿಯಸ್ಸಿನ ತ್ರಿಜ್ಯ ಸುಮಾರು ಏಳು ಫೆಮ್ಟೊಮೀಟರ್ ಮಾತ್ರ. ಅಂದರೆ ಹಿಂದಿರುಗಿದ ಆಲ್ಫಾ ಕಣ ನ್ಯೂಕ್ಲಿಯಸ್ಸನ್ನು ಮುಟ್ಟಿಯೇ ಇರಲಿಲ್ಲ. ನಾನೂ ಹಲವು ವರ್ಷ ಕಪ್ಪುಹಲಗೆಯ ಮೇಲೆ ಆಲ್ಫಾ ಕಣವನ್ನು ಗೋಡೆಗೆ ತಾಗಿ ಪುಟಿದ ಚೆಂಡಿನಂತೆಯೇ ಬರೆದು ತೋರಿಸಿದ್ದೇನೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮುಟ್ಟದಿರುವುದರಿಂದ ಆಗುವ ಲಾಭವೇನು? ಎರಡು ನ್ಯೂಕ್ಲಿಯಸ್ಸುಗಳು ಪರಸ್ಪರ ತಾಗಿದರೆ ಅವುಗಳ ನಡುವೆ ಬೈಜಿಕ ಬಲ, ಅಂದರೆ ನ್ಯೂಕ್ಲಿಯಸ್ಸಿನ ಪ್ರೋಟಾನು ನ್ಯೂಟ್ರಾನುಗಳನ್ನು ಹಿಡಿದಿಡುವ ಬಲ, ಕೆಲಸ ಮಾಡತೊಡಗುತ್ತದೆ. ಒಂದೆರಡು ಫೆಮ್ಟೊಮೀಟರ್ ದೂರದಲ್ಲಿ ಮಾತ್ರ ಪ್ರಬಲವಾಗಿರುವ ಆ ಬಲ ಬಹಳ ತೊಡಕಿನದು. ನೂರಾರು ಕಣಗಳಿರುವ ಎರಡು ನ್ಯೂಕ್ಲಿಯಸ್ಸುಗಳ ನಡುವೆ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ಅಂದಾಜಿನ ಮಾದರಿಗಳಿಲ್ಲದೆ ಲೆಕ್ಕ ಹಾಕಲಾಗುವುದಿಲ್ಲ. ಹಾಗಾಗಿ ತಾಗಿಸಿ ಮಾಡಿದ ಪ್ರಯೋಗದ ಫಲಿತಾಂಶದಲ್ಲಿ ನ್ಯೂಕ್ಲಿಯಸ್ಸಿನ ಗುಣವೆಷ್ಟು, ನಮ್ಮ ಅಂದಾಜಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ವಿದ್ಯುತ್ಕಾಂತೀಯ ಬಲದ ವಿಷಯ ಹಾಗಲ್ಲ. ಅದರ ನಿಯಮಗಳು ನಮಗೆ ಚೆನ್ನಾಗಿ ಗೊತ್ತು. ಎರಡೂ ನ್ಯೂಕ್ಲಿಯಸ್ಸುಗಳು ಸಾಕಷ್ಟು ದೂರದಲ್ಲಿದ್ದು, ಅವುಗಳ ನಡುವೆ ವಿದ್ಯುತ್ ಬಲವೊಂದೇ ಇದ್ದರೆ, ಲೆಕ್ಕದಲ್ಲಿ ತಿಳಿಯದೆ ಉಳಿಯುವುದು ನ್ಯೂಕ್ಲಿಯಸ್ಸಿನ ರಚನೆ ಮಾತ್ರ. ಎರಡರ ಮೇಲ್ಮೈಗಳ ನಡುವೆ ಕನಿಷ್ಠ ಐದು ಫೆಮ್ಟೊಮೀಟರ್ ಅಂತರ ಉಳಿಯುವಷ್ಟೇ ಶಕ್ತಿಯನ್ನು ಕೊಡಬೇಕೆಂಬುದು ಈ ಕೆಲಸ ಮಾಡುವವರು ಪಾಲಿಸುವ ಕಟ್ಟಳೆ. ಆ ಮಿತಿಯೊಳಗಿನ ಶಕ್ತಿಯನ್ನು ಅವರು ‘ಸುರಕ್ಷಿತ ಶಕ್ತಿ’ ಎಂದೇ ಕರೆಯುತ್ತಾರೆ.

ಮುಟ್ಟದೆ ಇದ್ದರೂ ಒಳಗೆ ಕಂಪನ ಉಂಟಾಗುವುದು ಹೇಗೆ ಎಂದು ಪಕ್ಕದ ತೋಟದವರು ಮತ್ತೆ ಕೇಳಿದರು. ಅದಕ್ಕೆ ಉತ್ತರ ನಮ್ಮ ಅಂಗಳದಲ್ಲಿಯೇ ನಿಂತಿತ್ತು. ಒಂದು ಏಪ್ರಿಲ್ ತಿಂಗಳು, ಹೂಮಳೆ ಬರುವ ಹೊತ್ತಿನಲ್ಲಿ, ಅಂಗಳದಿಂದ ಅರವತ್ತು ಹೆಜ್ಜೆ ದೂರದ ಸಿಲ್ವರ್ ಓಕ್ ಮರಕ್ಕೆ ಸಿಡಿಲು ಬಡಿಯಿತು. ಮರದ ತೊಗಟೆ ಮೇಲಿನಿಂದ ಬುಡದವರೆಗೆ ಒಂದು ಗೇಣು ಅಗಲಕ್ಕೆ ಸೀಳಿ ಹೋಯಿತು. ಆ ಗುರುತು ಇಂದಿಗೂ ಇದೆ. ಮನೆಗೆ ಸಿಡಿಲು ತಾಗಲಿಲ್ಲ. ಆದರೂ ಇಂಟರ್‌ನೆಟ್ಟಿನ ಮೋಡೆಮ್ ಸುಟ್ಟಿತು, ಪಂಪಿನ ಸ್ಟಾರ್ಟರ್ ಕೆಟ್ಟಿತು, ಅದೇ ಗೋಡೆಯಲ್ಲಿದ್ದ ಬಲ್ಬು ಮಾತ್ರ ಏನೂ ಆಗದೆ ಉರಿಯುತ್ತಲೇ ಇತ್ತು. ಅದಕ್ಕೂ ಒಂದು ಗಂಟೆ ಮೊದಲಿನಿಂದ ವಿದ್ಯುದಾವೇಶ ತುಂಬಿದ ಮೋಡ ನಮ್ಮ ತಲೆಯ ಮೇಲೆಯೇ ನಿಧಾನವಾಗಿ ತೇಲುತ್ತಿತ್ತು. ಆಗ ಮೋಡೆಮ್‌ಗೆ ಏನೂ ಆಗಿರಲಿಲ್ಲ. ಕ್ಷೇತ್ರ ಇದ್ದರಷ್ಟೇ ಸಾಲದು, ಅದು ಥಟ್ಟನೆ ಬದಲಾಗಬೇಕು. ಹಾಗೆ ಬದಲಾದಾಗ ಯಾವ ವಸ್ತು ಹೇಗೆ ಸ್ಪಂದಿಸುತ್ತದೆ ಎಂಬುದು ಅದರ ಒಳಗಿನ ಜೋಡಣೆಯನ್ನು ಅವಲಂಬಿಸಿದೆ. ಹೋಲಿಕೆ ಇಲ್ಲಿಗೆ ಮುಗಿಯಿತು. ಹತ್ತಿರ ಬಡಿದ ಸಿಡಿಲು ತಾಗದೆಯೇ ಇಂಥ ಉಪಕರಣಗಳನ್ನು ಕೆಡಿಸುವುದು ಹೆಚ್ಚಾಗಿ ಪ್ರವಾಹದಿಂದ ಹುಟ್ಟುವ ಕಾಂತಕ್ಷೇತ್ರದಿಂದ; ನ್ಯೂಕ್ಲಿಯಸ್ಸಿನಲ್ಲಿ ಮುಖ್ಯ ಕೆಲಸ ವಿದ್ಯುತ್ ಕ್ಷೇತ್ರದ್ದು. ಮೇಲಾಗಿ ಮೋಡೆಮ್ ಸುಟ್ಟರೆ ಸುಟ್ಟಿತು. ನ್ಯೂಕ್ಲಿಯಸ್ ಹಾಗಲ್ಲ, ತಾನು ಪಡೆದ ಶಕ್ತಿಯನ್ನು ಗಾಮಾ ಕಿರಣವಾಗಿ ಹೊರಹಾಕಿ ಮೊದಲಿನ ಸ್ಥಿತಿಗೇ ಮರಳುತ್ತದೆ.

ಈಗ ದೆಹಲಿಯ ತವರಕ್ಕೆ ಬರುತ್ತೇನೆ. ನಮ್ಮ ಅಜ್ಜಿಯಂದಿರ ಕಾಲದ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದುದು ಇದೇ ತವರದಿಂದ. ಅದರ ನ್ಯೂಕ್ಲಿಯಸ್ಸಿನಲ್ಲಿ 50 ಪ್ರೋಟಾನುಗಳಿವೆ. ಸ್ಥಿರವಾದ ಐಸೋಟೋಪುಗಳು, ಅಂದರೆ ನ್ಯೂಟ್ರಾನುಗಳ ಸಂಖ್ಯೆಯಲ್ಲಷ್ಟೇ ಬೇರೆಯಾದ ರೂಪಗಳು, ಹತ್ತು. ಬೇರಾವ ಮೂಲವಸ್ತುವಿಗೂ ಇಷ್ಟೊಂದು ಸ್ಥಿರ ಐಸೋಟೋಪುಗಳಿಲ್ಲ. ದೆಹಲಿಯ ಅಂತರ ವಿಶ್ವವಿದ್ಯಾನಿಲಯ ವೇಗೋತ್ಕರ್ಷಕ ಕೇಂದ್ರದ ಪೆಲೆಟ್ರಾನ್ ಎಂಬ ಯಂತ್ರದಲ್ಲಿ 112 ಮತ್ತು 116 ದ್ರವ್ಯರಾಶಿ ಸಂಖ್ಯೆಯ (ಪ್ರೋಟಾನು ನ್ಯೂಟ್ರಾನುಗಳ ಒಟ್ಟು ಎಣಿಕೆಯ) ತವರದ ತೆಳುಹಾಳೆಗಳತ್ತ ನಿಕ್ಕಲ್-58ರ ಕಿರಣಪುಂಜವನ್ನು ಹಾಯಿಸಿದರು. ಇದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಸಹಜ ತವರದಲ್ಲಿ 112ರ ಪಾಲು ಶೇಕಡಾ ಒಂದರಷ್ಟೇ ಇರುವುದರಿಂದ, ಅದನ್ನು ಪ್ರತ್ಯೇಕಿಸಿ ಹಾಳೆ ಮಾಡಿಸುವುದೇ ಒಂದು ದೊಡ್ಡ ಕೆಲಸ. ಪೆಲೆಟ್ರಾನ್ ಕೆಲಸ ಮಾಡುವ ಬಗೆಯೂ ಜಾಣತನದ್ದು. ಎತ್ತರದ ತೊಟ್ಟಿಯ ನಡುವೆ ಕೋಟಿಗೂ ಮೀರಿದ ವೋಲ್ಟುಗಳ ಧನ ವಿಭವವನ್ನು ಇರಿಸುತ್ತಾರೆ. ಋಣ ಅಯಾನು (ಹೆಚ್ಚುವರಿ ಎಲೆಕ್ಟ್ರಾನ್ ಹೊತ್ತ ಪರಮಾಣು) ಅದರತ್ತ ಸೆಳೆಯಲ್ಪಟ್ಟು ವೇಗ ಗಳಿಸುತ್ತದೆ. ನಡುವೆ ಇರುವ ಇಂಗಾಲದ ಪೊರೆಯನ್ನು ಹಾದಾಗ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಧನ ಅಯಾನಾಗುತ್ತದೆ. ಆಗ ಅದೇ ವಿಭವ ಅದನ್ನು ಕೆಳಕ್ಕೆ ತಳ್ಳುತ್ತದೆ. ಒಂದೇ ವೋಲ್ಟೇಜನ್ನು ಎರಡು ಬಾರಿ ಬಳಸಿಕೊಂಡಂತಾಯಿತು.

ನಿಕ್ಕಲಿಗೆ ಕೊಟ್ಟ ಶಕ್ತಿ 175 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್. ಈ ಸಂಖ್ಯೆಯನ್ನು ಪಿಯುಸಿ ವಿದ್ಯಾರ್ಥಿಯೂ ಪರೀಕ್ಷಿಸಬಹುದು. ನಿಕ್ಕಲಿನಲ್ಲಿ 28, ತವರದಲ್ಲಿ 50 ಪ್ರೋಟಾನುಗಳು. ತವರವೂ ಹಿಮ್ಮೆಟ್ಟಿ ಚಲಿಸುವುದರಿಂದ ಡಿಕ್ಕಿಗೆ ಒದಗುವ ಶಕ್ತಿ ಸುಮಾರು 115 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಕೂಲಾಮ್ ನಿಯಮಕ್ಕೆ ಇವನ್ನು ಹಾಕಿದರೆ, ನೇರವಾಗಿ ಎದುರುಬದುರಾದರೂ ಎರಡರ ಕೇಂದ್ರಗಳ ನಡುವಿನ ದೂರ 17.5 ಫೆಮ್ಟೊಮೀಟರಿಗಿಂತ ಕಡಿಮೆಯಾಗದು. ಎರಡೂ ನ್ಯೂಕ್ಲಿಯಸ್ಸುಗಳ ತ್ರಿಜ್ಯ ಕೂಡಿಸಿದರೆ ಸುಮಾರು 11. ನಡುವೆ ಆರೂವರೆ ಫೆಮ್ಟೊಮೀಟರ್ ಜಾಗ ಹಾಗೆಯೇ ಉಳಿಯುತ್ತದೆ. ‘ಒಡೆದು’ ಎಂದು ಬರೆದವರು ಈ ಒಂದು ಭಾಗಾಕಾರ ಮಾಡಿದ್ದರೆ ಸಾಕಿತ್ತು.

ನಿಕ್ಕಲ್ ಆಗ ಬೆಳಕಿನ ವೇಗದ ಶೇಕಡಾ ಎಂಟರಷ್ಟು ವೇಗದಲ್ಲಿ ಓಡುತ್ತಿರುತ್ತದೆ. ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಮಾಡಿ, ಅದರಲ್ಲೊಂದನ್ನು ಮಗದೊಮ್ಮೆ ಕೋಟಿ ಮಾಡಿದರೆ ಸಿಗುವ ತುಣುಕಿನ ಮೂರನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಅದು ತವರದ ಪಕ್ಕದಿಂದ ಹಾದುಹೋಗಿರುತ್ತದೆ. ತವರ-112ರ ಮೊದಲ ಉತ್ತೇಜಿತ ಸ್ಥಿತಿ 1257 ಸಾವಿರ ಎಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿದೆ. ಆ ಎತ್ತರಕ್ಕೆ ತಕ್ಕ ಕಾಲಮಾನಕ್ಕಿಂತ ಹಾದುಹೋಗುವ ಹೊತ್ತು ತುಸು ಕಡಿಮೆಯೇ ಇರುವುದರಿಂದ ಉತ್ತೇಜನ ಸಾಧ್ಯವಾಗುತ್ತದೆ. ನಿಕ್ಕಲ್ ಇನ್ನೂ ನಿಧಾನವಾಗಿ ಬಂದಿದ್ದರೆ, ನಮ್ಮ ತಲೆಯ ಮೇಲಿನ ಮೋಡದಂತೆ, ತವರಕ್ಕೆ ತಿಳಿಯದಂತೆಯೇ ಹೋಗಿಬಿಡುತ್ತಿತ್ತು. ಚದುರಿದ ನಿಕ್ಕಲ್ ಯಾವ ಕೋನದಲ್ಲಿ ಹೊರಟಿತೆಂದು ಒಂದು ಶೋಧಕ ಗುರುತಿಸುತ್ತದೆ, ಅದರಿಂದ ಎಷ್ಟು ಸಮೀಪ ಹೋಗಿತ್ತೆಂದು ತಿಳಿಯುತ್ತದೆ. ಸುತ್ತಲಿನ ಜರ್ಮೇನಿಯಂ ಶೋಧಕಗಳು ತವರ ಬಿಟ್ಟ ಗಾಮಾ ಕಿರಣಗಳನ್ನು ಎಣಿಸುತ್ತವೆ. ಎರಡರ ಅನುಪಾತವೇ ಉತ್ತೇಜನದ ಸಂಭಾವ್ಯತೆ. ತವರ-116ರ ಉತ್ತೇಜನದ ಬೆಲೆ ಬೇರೆ ವಿಧಾನಗಳಿಂದ ಮೊದಲೇ ಚೆನ್ನಾಗಿ ಗೊತ್ತಿದ್ದುದರಿಂದ, ಅದನ್ನು ತೂಕದ ಬಟ್ಟಿನಂತೆ ಇಟ್ಟುಕೊಂಡು 112ನ್ನು ಅದರ ಎದುರು ತೂಗಿದರು. ಆಗ ಶೋಧಕಗಳ ಲೋಪದೋಷಗಳು ಎರಡು ಕಡೆಯೂ ಸಮನಾಗಿ ಕಳೆದುಹೋಗುತ್ತವೆ.

ಫಲಿತಾಂಶ ಕುತೂಹಲಕರ. ನ್ಯೂಟ್ರಾನುಗಳ ಸಂಖ್ಯೆ ಕಡಿಮೆಯಾದಂತೆ ಉತ್ತೇಜನದ ಬಲವೂ ಇಳಿಯಬೇಕೆಂದು ಕವಚ ಮಾದರಿಯ (ನ್ಯೂಕ್ಲಿಯಸ್ಸಿನ ಕಣಗಳು ಪದರ ಪದರವಾಗಿ ತುಂಬುತ್ತವೆ ಎನ್ನುವ ಮಾದರಿಯ) ಸರಳ ಲೆಕ್ಕ ಹೇಳುತ್ತಿದ್ದರೆ, 112ರ ಬೆಲೆ 116ರದಕ್ಕಿಂತ ಹೆಚ್ಚೇ ಬಂತು. ಬೇರೆ ವಿಧಾನದಲ್ಲಿ, ಅಂದರೆ ಉತ್ತೇಜಿತ ಸ್ಥಿತಿಯ ಆಯುಷ್ಯವನ್ನು ಅಳೆದು, ನಂತರ ಬಂದ ಕೆಲವು ಬೆಲೆಗಳು ಇದಕ್ಕಿಂತ ಕಡಿಮೆಯಿವೆ, ವಾದ ಮುಗಿದಿಲ್ಲ. ಇದನ್ನು ನಾನು ಕೊರತೆ ಎಂದುಕೊಳ್ಳುವುದಿಲ್ಲ. ಎರಡು ತಕ್ಕಡಿಗಳು ಬೇರೆ ಬೇರೆ ತೂಕ ತೋರಿಸಿದಾಗ ಜಗಳ ತೆಗೆಯಬೇಕಾದದ್ದು ನ್ಯಾಯವೇ ಎಂದು ಕಾಫಿ ಮಾರುವ ಎಲ್ಲರಿಗೂ ಗೊತ್ತು.

ಈ ವಿಧಾನ ಇಂದು ನಿನ್ನೆಯದಲ್ಲ. 1953ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹೂಸ್ ಮತ್ತು ಜುಪಾನ್ಚಿಚ್, ಅಮೆರಿಕದ ಎಂ.ಐ.ಟಿ.ಯಲ್ಲಿ ಮೆಕ್‌ಕ್ಲೆಲಂಡ್ ಮತ್ತು ಗುಡ್‌ಮನ್, ಕಡಿಮೆ ಶಕ್ತಿಯ ಪ್ರೋಟಾನುಗಳಿಂದ ಟ್ಯಾಂಟಲಮ್‌ನಂಥ ಭಾರವಾದ ನ್ಯೂಕ್ಲಿಯಸ್ಸುಗಳನ್ನು ಹೀಗೆ ಉತ್ತೇಜಿಸಿದರು. ಆ ಹೊತ್ತಿಗೆ ನ್ಯೂಕ್ಲಿಯಸ್ಸುಗಳೆಲ್ಲ ಉರುಟಾಗಿಲ್ಲ, ಕೆಲವು ಉದ್ದವಾಗಿದ್ದು ಒಟ್ಟಾಗಿ ತಿರುಗಬಲ್ಲವು ಎಂದು ಓಗೆ ಬೋರ್ ಮತ್ತು ಬೆನ್ ಮಾಟೆಲ್ಸನ್ ವಾದಿಸುತ್ತಿದ್ದರು. ತಿರುಗುವ ವಸ್ತುವಿಗೆ ಒಪ್ಪುವ ಕ್ರಮದಲ್ಲಿಯೇ ಶಕ್ತಿಯ ಮೆಟ್ಟಿಲುಗಳು ಕಂಡಾಗ ಆ ವಾದಕ್ಕೆ ಬಲ ಬಂತು. ಯುರೇನಿಯಂ-238ರಲ್ಲಿ ಈ ಮೆಟ್ಟಿಲುಗಳು 45, 148, 307 ಸಾವಿರ ಎಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿವೆ; ಮೊದಲನೆಯದರ ಮೂರೂಕಾಲು ಪಟ್ಟಿಗಿಂತ ತುಸು ಹೆಚ್ಚು ಎರಡನೆಯದು, ಇದು ತಿರುಗುವಿಕೆಯ ಸೂತ್ರ ಹೇಳುವ ಅನುಪಾತಕ್ಕೆ ಬಹಳ ಹತ್ತಿರ. ಭಾರವಾದ ಅಯಾನುಗಳನ್ನು ಬಳಸಿದರೆ ಒಂದೇ ಹಾಯುವಿಕೆಯಲ್ಲಿ ನ್ಯೂಕ್ಲಿಯಸ್ ಹಲವು ಮೆಟ್ಟಿಲು ಏರುತ್ತದೆ. ಬೋರ್, ಮಾಟೆಲ್ಸನ್ ಮತ್ತು ಜೇಮ್ಸ್ ರೇನ್‌ವಾಟರ್ ಅವರಿಗೆ 1975ರಲ್ಲಿ ನೊಬೆಲ್ ಬಂದದ್ದು ಈ ಆಕಾರದ ವಿಚಾರಕ್ಕೇ.

ಆಕಾರದ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಉತ್ತೇಜಿತ ಸ್ಥಿತಿಯ ಆಯುಷ್ಯವನ್ನಷ್ಟೇ ಅಳೆದರೆ ನ್ಯೂಕ್ಲಿಯಸ್ ಉರುಟಿನಿಂದ ಎಷ್ಟು ದೂರ ಸರಿದಿದೆ ಎಂದು ತಿಳಿಯುತ್ತದೆಯೇ ಹೊರತು, ಅದು ಸೌತೆಕಾಯಿಯಂತೆ ಉದ್ದವೋ, ನಮ್ಮ ಕೊಡಗಿನ ಕಿತ್ತಳೆಯಂತೆ ತಲೆ ಬುಡ ಒತ್ತಿ ಚಪ್ಪಟೆಯೋ ಎಂದು ತಿಳಿಯುವುದಿಲ್ಲ. ಕೂಲಾಮ್ ಉತ್ತೇಜನದಲ್ಲಿ ಅದೂ ತಿಳಿಯುತ್ತದೆ. ಉತ್ತೇಜಿತವಾದ ನ್ಯೂಕ್ಲಿಯಸ್ಸಿನ ಮೇಲೆ ಹಾದುಹೋಗುತ್ತಿರುವ ಅಯಾನಿನ ಕ್ಷೇತ್ರ ಮತ್ತೊಮ್ಮೆ ಕೆಲಸ ಮಾಡಿ ಅದನ್ನು ಹೊರಳಿಸಲು ಯತ್ನಿಸುತ್ತದೆ, ಉದ್ದನೆಯದಕ್ಕೂ ಚಪ್ಪಟೆಗೂ ಈ ಹೊರಳಿಕೆಯ ಪರಿಣಾಮ ಬೇರೆಯಾಗಿರುವುದರಿಂದ, ಗಾಮಾ ಕಿರಣಗಳ ಎಣಿಕೆಯಲ್ಲಿ ಸಣ್ಣ ಏರುಪೇರು ಕಾಣುತ್ತದೆ. ಇಷ್ಟು ಸೂಕ್ಷ್ಮವಾದ ಮಾಹಿತಿ ಮುಟ್ಟದೆ ಸಿಗುತ್ತದೆ ಎಂಬುದು ಈ ವಯಸ್ಸಿನಲ್ಲಿಯೂ ನನಗೆ ಆಶ್ಚರ್ಯ ತರುತ್ತದೆ.

ಇದುವರೆಗೆ ಹೇಳಿದ್ದು ಹಾಳೆ ಮಾಡಿ ಇರಿಸಬಹುದಾದ ಸ್ಥಿರ ನ್ಯೂಕ್ಲಿಯಸ್ಸುಗಳ ವಿಚಾರ. ಕಣ್ಣು ಮಿಟುಕಿಸುವುದರೊಳಗೆ ಅಳಿದುಹೋಗುವವನ್ನು ಹಾಳೆ ಮಾಡಲಾಗದು; ಅವನ್ನೇ ಕಿರಣಪುಂಜವಾಗಿಸಿ ಸೀಸದ ಹಾಳೆಯತ್ತ ಹಾಯಿಸುತ್ತಾರೆ. ಆಗ ಸೀಸದ 82 ಪ್ರೋಟಾನುಗಳ ಕ್ಷೇತ್ರವೇ ಪರೀಕ್ಷಿಸುವ ಕ್ಷೇತ್ರವಾಗುತ್ತದೆ. ಕಾಫಿ ಗಿಡಕ್ಕೆ ಡಾಲೊಮೈಟ್ ಹಾಕುವ ನಮಗೆಲ್ಲ ಮೆಗ್ನೀಸಿಯಂ ಪರಿಚಿತ. ಎಲೆಯ ಹಸಿರಿನ ನಡುವೆ ಇರುವ ಲೋಹ ಅದೇ. ಅದರ ಸಾಮಾನ್ಯ ನ್ಯೂಕ್ಲಿಯಸ್ಸಿನಲ್ಲಿ 12 ಪ್ರೋಟಾನು, 12 ನ್ಯೂಟ್ರಾನುಗಳಿವೆ. 20 ನ್ಯೂಟ್ರಾನುಗಳಿರುವ ಮೆಗ್ನೀಸಿಯಂ-32 ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟೂ ಬಾಳುವುದಿಲ್ಲ. ಇಪ್ಪತ್ತು ಎಂಬುದು ಮ್ಯಾಜಿಕ್ ಸಂಖ್ಯೆ, ಅಂದರೆ ಕವಚವೊಂದು ಪೂರ್ತಿ ತುಂಬುವ ಸಂಖ್ಯೆ, ಆದ್ದರಿಂದ ಆ ನ್ಯೂಕ್ಲಿಯಸ್ ಉರುಟಾಗಿ ಬಿಗಿಯಾಗಿರಬೇಕೆಂದು ಪಠ್ಯಪುಸ್ತಕದ ಲೆಕ್ಕ. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಮೊಟೊಬಯಾಷಿ ಮತ್ತು ಸಂಗಡಿಗರು ಅದನ್ನು ಬೆಳಕಿನ ವೇಗದ ಮೂರನೆಯ ಒಂದು ಭಾಗಕ್ಕೆ ಹತ್ತಿರದ ವೇಗದಲ್ಲಿ ಸೀಸದ ಪಕ್ಕ ಹಾಯಿಸಿ 1995ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿತ್ತು: ಅದು ಸುಲಭವಾಗಿ ಉತ್ತೇಜನಗೊಂಡಿತು, ಅಂದರೆ ಅದರ ಆಕಾರ ಬಹಳ ವಿರೂಪಗೊಂಡದ್ದು. ಮ್ಯಾಜಿಕ್ ಸಂಖ್ಯೆಗಳು ಎಲ್ಲೆಡೆಯೂ ನಡೆಯುವ ನಾಣ್ಯವಲ್ಲ ಎಂಬುದಕ್ಕೆ ಅದು ಗಟ್ಟಿಯಾದ ಸಾಕ್ಷಿ. ಈ ವೇಗದಲ್ಲಿ ಶಕ್ತಿ ‘ಸುರಕ್ಷಿತ’ ಮಿತಿಯನ್ನು ಎಂದೋ ದಾಟಿರುತ್ತದೆ. ಆದ್ದರಿಂದ ಸ್ವಲ್ಪವೇ ಬಾಗಿದ, ಅಂದರೆ ದೂರದಿಂದ ಹಾದುಹೋದ ಕಣಗಳನ್ನು ಮಾತ್ರ ಆರಿಸಿಕೊಂಡು ಎಣಿಸುತ್ತಾರೆ. ಓಡುತ್ತಲೇ ಗಾಮಾ ಕಿರಣ ಬಿಡುವುದರಿಂದ, ಘಾಟಿಯಲ್ಲಿ ಎದುರು ಬರುವ ಬಸ್ಸಿನ ಹಾರ್ನಿನ ಸ್ವರ ಬದಲಾಗುವಂತೆ ಅದರ ಶಕ್ತಿಯೂ ಬದಲಾಗಿರುತ್ತದೆ. ಕೋನ ನೋಡಿ ಅದನ್ನೂ ಸರಿಪಡಿಸಬೇಕು.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಯುರೋಪಿನ ಸರ್ನ್ ಎಂಬ ಕಣ ಭೌತವಿಜ್ಞಾನ ಪ್ರಯೋಗಾಲಯದ್ದು. ಸರ್ನ್ ಎಂದೊಡನೆ ಎಲ್ಲರೂ ಹಿಗ್ಸ್ ಬೋಸಾನನ್ನು ನೆನೆಯುತ್ತಾರೆ. ಅಲ್ಲಿಯೇ ಐಸೋಲ್ಡೆ ಎಂಬ ಕೇಂದ್ರವೂ ಇದೆ ಎಂಬುದು ಸುದ್ದಿಯಾಗುವುದಿಲ್ಲ. ಅಲ್ಲಿ ಪೀಟರ್ ಬಟ್ಲರ್ ನೇತೃತ್ವದ ತಂಡ ರೇಡಿಯಂ-224 ಮತ್ತು ರೇಡಾನ್-220ರ ಕಿರಣಪುಂಜಗಳನ್ನು ನಿಕ್ಕಲ್, ಕ್ಯಾಡ್ಮಿಯಂ, ತವರದ ಹಾಳೆಗಳತ್ತ ಹಾಯಿಸಿತು. ಇವೆರಡೂ ಥೋರಿಯಂ ವಂಶದವು. ನೆರೆಯ ಕೇರಳದ ಕರಾವಳಿಯ ಮರಳಿನಲ್ಲಿರುವ ಥೋರಿಯಂ ಕ್ಷಯಿಸುವಾಗ ಇವು ಒಂದರ ಹಿಂದೊಂದು ಹುಟ್ಟುತ್ತಲೇ ಇರುತ್ತವೆ. ರೇಡಿಯಂ-224ರ ಅರ್ಧಾಯುಷ್ಯ ಮೂರೂವರೆ ದಿನಕ್ಕಿಂತ ತುಸು ಹೆಚ್ಚು, ರೇಡಾನ್-220ರದು ಒಂದು ನಿಮಿಷಕ್ಕೂ ಕಡಿಮೆ. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ರೇಡಿಯಂ-224 ನಮ್ಮ ತೋಟದ ಬಟರ್ ಫ್ರೂಟಿನ ಆಕಾರದಲ್ಲಿದೆ: ಒಂದು ತುದಿ ದಪ್ಪ, ಇನ್ನೊಂದು ಸಪೂರ. ರೇಡಾನ್-220 ಹಾಗೆ ನೆಲೆಯಾಗಿ ನಿಲ್ಲದೆ, ಆ ಆಕಾರದ ಸುತ್ತ ಅತ್ತಿತ್ತ ಕಂಪಿಸುತ್ತದೆ.

ಬಟರ್ ಫ್ರೂಟಿನಂತಿದ್ದರೆ ಏನಾಯಿತು ಎನ್ನಬಹುದು. ವಿಶ್ವದಲ್ಲಿ ದ್ರವ್ಯ ಇಷ್ಟೊಂದು ಉಳಿದು ಪ್ರತಿದ್ರವ್ಯ ಏಕೆ ಕಾಣದಾಯಿತು ಎಂಬುದಕ್ಕೆ ಈಗಿನ ಸಿದ್ಧಾಂತದಲ್ಲಿ ಸಾಕಷ್ಟು ಉತ್ತರವಿಲ್ಲ. ಕಾಲದ ದಿಕ್ಕನ್ನು ಹಿಂದುಮುಂದಾಗಿಸಿದರೆ ಒಂದೇ ತೆರನಾಗಿ ವರ್ತಿಸದ ಹೊಸ ಬಲವೇನಾದರೂ ಇದ್ದರೆ, ಅದು ಪರಮಾಣುವಿನಲ್ಲಿ ಅತ್ಯಲ್ಪ ಪ್ರಮಾಣದ ವಿದ್ಯುತ್ ದ್ವಿಧ್ರುವವಾಗಿ, ಅಂದರೆ ಧನ ಋಣ ಆವೇಶಗಳ ಕೇಂದ್ರಗಳು ತುಸು ಬೇರೆಯಾಗಿ, ತೋರಬೇಕು. ಒಂದು ತುದಿ ದಪ್ಪವಾದ ನ್ಯೂಕ್ಲಿಯಸ್ಸಿರುವ ಪರಮಾಣುವಿನಲ್ಲಿ ಆ ಪರಿಣಾಮ ನೂರಾರು ಪಟ್ಟು ಹಿಗ್ಗುವ ಸಾಧ್ಯತೆಯಿದೆ. ಯಾವ ಪರಮಾಣುವಿನಲ್ಲಿ ಹುಡುಕಬೇಕೆಂದು ಹೇಳುವುದು ಈ ಆಕಾರದ ಅಳತೆಯೇ. ರೇಡಾನ್‌ನಲ್ಲಿ ಹುಡುಕುವುದಕ್ಕಿಂತ ರೇಡಿಯಂನಲ್ಲಿ ಹುಡುಕುವುದು ಲೇಸು ಎಂದು ಆ ಪ್ರಯೋಗ ದಾರಿ ತೋರಿಸಿತು.

ಒಡೆಯುವ ಪ್ರಸಂಗ ಒಂದಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಬೋರಾನ್-8ರಲ್ಲಿ ಕೊನೆಯ ಪ್ರೋಟಾನ್ ಬಹಳ ಸಡಿಲವಾಗಿ ಅಂಟಿಕೊಂಡಿದೆ. ಅದು ಸೀಸದ ಪಕ್ಕ ಹಾದಾಗ ಕ್ಷೇತ್ರದ ಬಲಕ್ಕೇ ಆ ಪ್ರೋಟಾನ್ ಕಳಚಿ ಬೆರಿಲಿಯಂ-7 ಉಳಿಯುತ್ತದೆ. ಇಲ್ಲಿಯೂ ಸೀಸ ಅದನ್ನು ಮುಟ್ಟಿರುವುದಿಲ್ಲ. ಸೂರ್ಯನ ಒಡಲಲ್ಲಿ ನಡೆಯುವುದು ಇದರ ತಿರುಗುಮುರುಗು: ಬೆರಿಲಿಯಂ-7 ಒಂದು ಪ್ರೋಟಾನನ್ನು ಹಿಡಿದು ಬೋರಾನ್-8 ಆಗುತ್ತದೆ. ಸೂರ್ಯನಲ್ಲಿರುವಷ್ಟು ಕಡಿಮೆ ಶಕ್ತಿಯಲ್ಲಿ ಆ ಕ್ರಿಯೆಯನ್ನು ಪ್ರಯೋಗಾಲಯದಲ್ಲಿ ನೇರವಾಗಿ ಅಳೆಯುವುದು ತೀರ ಕಷ್ಟವಾದ್ದರಿಂದ, ಕಳಚುವುದನ್ನು ಅಳೆದು ಕೂಡುವುದನ್ನು ಲೆಕ್ಕ ಹಾಕುತ್ತಾರೆ. ಈ ಪ್ರಯೋಗವೂ ಮೊದಲು ರಿಕೆನ್‌ನಲ್ಲಿಯೇ ನಡೆಯಿತು, 1994ರಲ್ಲಿ ಪ್ರಕಟವಾಯಿತು. ಹಾದುಹೋಗುವ ಅಯಾನಿನ ಕ್ಷೇತ್ರವನ್ನು ಫೋಟಾನುಗಳ, ಅಂದರೆ ಬೆಳಕಿನ ಕಣಗಳ, ಸುರಿಮಳೆಯೆಂದೇ ಎಣಿಸಬಹುದು ಎಂಬ, ಫೆರ್ಮಿ 1924ರಲ್ಲಿ ಹೊಳೆಯಿಸಿ, ವೈಜ್ಸೆಕರ್ ಮತ್ತು ವಿಲಿಯಮ್ಸ್ 1934ರ ಸುಮಾರಿಗೆ ಬೆಳೆಸಿದ ವಿಚಾರವೇ ಈ ಲೆಕ್ಕದ ತಳಹದಿ.

ವಿಧಾನಕ್ಕೆ ಮಿತಿಗಳೂ ಇವೆ. ವಿದ್ಯುತ್ ಕ್ಷೇತ್ರಕ್ಕೆ ನೇರವಾಗಿ ಕಾಣುವುದು ಪ್ರೋಟಾನುಗಳು. ನ್ಯೂಟ್ರಾನುಗಳು ಹೇಗೆ ಹರಡಿವೆ ಎಂಬುದಕ್ಕೆ ಬೇರೆ ಸಾಧನ ಬೇಕು. ಸುರಕ್ಷಿತ ಶಕ್ತಿಯಲ್ಲಿ ಕೆಳಗಿನ ಮೆಟ್ಟಿಲುಗಳನ್ನಷ್ಟೇ ಮುಟ್ಟಬಹುದು. ಹಲವು ಮೆಟ್ಟಿಲುಗಳು ಒಟ್ಟಿಗೆ ಉತ್ತೇಜನಗೊಂಡಾಗ ಹತ್ತಾರು ಅಜ್ಞಾತ ಬೆಲೆಗಳನ್ನು ಒಂದೇ ಬಾರಿಗೆ ಹೊಂದಿಸಬೇಕಾಗುತ್ತದೆ. ಅದರಲ್ಲಿ ಪರಿಣತರೂ ಎಡವುವುದುಂಟು.

ತಮ್ಮ ಬರಹದಲ್ಲಿ ಬಿಟ್ಟುಹೋದ ಇನ್ನೊಂದು ವಿಚಾರ ಕೊಡಗಿನಂಥ ಜಿಲ್ಲೆಯ ವಿದ್ಯಾರ್ಥಿಗಳಿಗೆ ಬೇಕಾದದ್ದು. ದೆಹಲಿಯ ಆ ಕೇಂದ್ರವನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗ ಕಟ್ಟಿಸಿದ್ದೇ, ಸ್ವಂತ ಯಂತ್ರವಿಲ್ಲದ ವಿಶ್ವವಿದ್ಯಾನಿಲಯಗಳ ಸಂಶೋಧಕರು ಅಲ್ಲಿಗೆ ಹೋಗಿ ಪ್ರಯೋಗ ಮಾಡಲಿ ಎಂದು. ಅದರ ಹೆಸರಿನಲ್ಲಿಯೇ ‘ಅಂತರ ವಿಶ್ವವಿದ್ಯಾನಿಲಯ’ ಎಂದಿದೆ. ನಮ್ಮ ಜಿಲ್ಲೆಯಿಂದ ಬಂದು ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಓದುವ ಮಗು, ಮುಂದೆ ಸಂಶೋಧನೆಗೆ ಸೇರಿದ ಮೇಲೆ, ತನ್ನ ಮಾರ್ಗದರ್ಶಕರ ಮೂಲಕ ಅಲ್ಲಿ ಕಿರಣಪುಂಜದ ಸಮಯ ಕೇಳಬಹುದು. ಯಂತ್ರದ ಎತ್ತರ ಎಷ್ಟು, ಖರ್ಚು ಎಷ್ಟು ಎಂದು ಬರೆಯಲು ಜಾಗವಿದ್ದ ಬರಹದಲ್ಲಿ ಈ ಒಂದು ಸಾಲಿಗೆ ಜಾಗ ಇರಬೇಕಿತ್ತು.

ತಿದ್ದುಪಡಿ ಪ್ರಕಟಿಸುವ ಪರಿಪಾಠ ತಮ್ಮಲ್ಲಿದ್ದರೆ, ಚಿತ್ರದ ಕೆಳಗಿನ ಸಾಲನ್ನು ಹೀಗೆ ತಿದ್ದಬಹುದೆಂದು ಸೂಚಿಸುತ್ತೇನೆ: ‘ತವರದ ನ್ಯೂಕ್ಲಿಯಸ್ಸಿನ ಸಮೀಪದಿಂದ ನಿಕ್ಕಲ್ ಅಯಾನುಗಳನ್ನು ತಾಗದಂತೆ ಹಾಯಿಸಿ, ಆಗ ತವರ ಹೊರಸೂಸುವ ಗಾಮಾ ಕಿರಣಗಳಿಂದ ಅದರ ರಚನೆಯನ್ನು ಅರಿಯಲು ಬಳಸಿದ ಯಂತ್ರ.’ ಸಾಲು ತುಸು ಉದ್ದವಾಯಿತು. ಚಿತ್ರವನ್ನು ಒಂದು ಬೆರಳಿನಷ್ಟು ಕಿರಿದು ಮಾಡಿದರೆ ಹಿಡಿಸುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ,
ನಾಪೋಕ್ಲು, ಕೊಡಗು